ಸಹಿಯ ಹೊಣೆ, ಬರಹದ ಒಡೆತನ

(ಡಿಜಿಟಲ್ ಸಹಿ ಹಾಗೂ ವಿದ್ಯುನ್ಮಾನ ಸಂದೇಶಗಳ ಕೃತಿಸ್ವಾಮ್ಯ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಉದಾಹರಣೆಗಾಗಿ ಒಂದು ಗ್ರಾಮ ಪಂಚಾಯತಿಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿನ ಸದಸ್ಯೆಯೊಬ್ಬರು ತಮ್ಮ ಊರಿನ ಕೆರೆಯನ್ನು ಕುರಿತು ಒಂದು ಪುಟದ ಬರಹ ಸಿದ್ಧಪಡಿಸುತ್ತಾರೆ. ಕೆರೆ ಹಿಂದೆ ಹೇಗಿತ್ತು, ತೂಬು ಹೇಗೆ ಮುಚ್ಚಿಹೋಯಿತು, ಹೂಳೆತ್ತುವ ಕೆಲಸಕ್ಕೆ ಊರವರು ಏಕೆ ಕೈಜೋಡಿಸಬೇಕು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ತಮ್ಮದೇ ಮಾತುಗಳಲ್ಲಿ ಬರೆದು, ಪಂಚಾಯತಿಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುತ್ತಾರೆ. ಕೆಲವೇ ದಿನಗಳಲ್ಲಿ ಅದೇ ಬರಹ ಪಕ್ಕದ ಊರುಗಳನ್ನು ಸುತ್ತಿ ಮರಳಿ ಬರುತ್ತದೆ. ಕೊನೆಯಲ್ಲಿದ್ದ ಸದಸ್ಯೆಯ ಹೆಸರು ಹೋಗಿ ಬೇರೊಬ್ಬರ ಹೆಸರು ಬಂದಿದೆ. ನಡುವೆ ‘ಈ ವರ್ಷ ಯಾರೂ ನೀರಿನ ಕರ ಕಟ್ಟಬೇಕಾಗಿಲ್ಲ’ ಎಂಬ ಸಾಲೊಂದು ಸೇರಿದೆ. ಮೇಲ್ಭಾಗದಲ್ಲಿ ಪಂಚಾಯತಿಯ ಮೊಹರಿನ ಚಿತ್ರವನ್ನು ಅಂಟಿಸಲಾಗಿದೆ. ಕರವಸೂಲಿಗಾರರು ಮನೆಗಳಿಗೆ ಹೋದಾಗ ಜನರು ಮೊಬೈಲನ್ನು ತೋರಿಸಿ ಬಾಗಿಲು ಮುಚ್ಚುತ್ತಾರೆ.

ಈ ಸಂದರ್ಭದಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ. ಈ ಮಾತನ್ನು ಹೇಳಿದವರು ಯಾರು? ಹೇಳಿದ ಮಾತು ಹೇಳಿದಂತೆಯೇ ಉಳಿದಿದೆಯೇ? ಈ ಬರಹ ಯಾರ ಸ್ವತ್ತು? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ನೀಡುವುದು ಡಿಜಿಟಲ್ ಸಹಿ. ಮೂರನೆಯದಕ್ಕೆ ಉತ್ತರ ನೀಡುವುದು ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಸಹಿ ಹಾಕಿದವರೇ ಬರಹದ ಒಡೆಯರೆಂದು ಭಾವಿಸುವುದೂ, ಬರೆದವರು ಬೇರೆಯವರಾದ್ದರಿಂದ ಸಹಿ ಹಾಕಿದವರಿಗೆ ಹೊಣೆಯಿಲ್ಲವೆಂದು ಭಾವಿಸುವುದೂ ಪಂಚಾಯತಿಗಳಲ್ಲಿ ತೊಡಕಿಗೆ ಕಾರಣವಾಗುತ್ತವೆ. ಸಹಿಯು ಹೊಣೆಯನ್ನು ತಿಳಿಸುತ್ತದೆ; ಕೃತಿಸ್ವಾಮ್ಯವು ಒಡೆತನವನ್ನು ತಿಳಿಸುತ್ತದೆ. ಈ ಎರಡನ್ನೂ ಬೇರೆಬೇರೆಯಾಗಿ ಅರಿಯುವುದೇ ಇಂದಿನ ವಿಷಯ.

ಮುದ್ರೆ ಮತ್ತು ಅಂಕಿತ

ಈ ಭೇದ ಕನ್ನಡ ನಾಡಿಗೆ ಹೊಸತಲ್ಲ. ಅರಸರು ದಾನ ನೀಡಿದಾಗ ಬರೆಸುತ್ತಿದ್ದ ತಾಮ್ರಶಾಸನಗಳ ಹಲಗೆಗಳನ್ನು ಒಂದು ಉಂಗುರದಲ್ಲಿ ಪೋಣಿಸಿ, ಉಂಗುರದ ಕೂಡಿಕೆಯ ಮೇಲೆ ರಾಜಮುದ್ರೆಯನ್ನು ಒತ್ತುತ್ತಿದ್ದರು. ಮುದ್ರೆಯು ದಾನ ಯಾರದೆಂದು ಹೇಳುತ್ತಿತ್ತು; ಬಿಗಿದ ಉಂಗುರವು ನಡುವಿನ ಹಲಗೆಯನ್ನು ತೆಗೆದು ಬೇರೊಂದನ್ನು ಸೇರಿಸದಂತೆ ತಡೆಯುತ್ತಿತ್ತು. ಆದರೂ ಭೂಮಿಯ ಆಸೆಗೆ ಕೂಟಶಾಸನಗಳು ಹುಟ್ಟಿದವು. ಗಂಗರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳು ನಕಲಿಯೆಂದು 19ನೆಯ ಶತಮಾನದ ಕೊನೆಯಲ್ಲಿ ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದರು. ಮೊಹರಿನ ಚಿತ್ರವನ್ನು ಅಂಟಿಸಿದ ಇಂದಿನ ಸಂದೇಶವು ಆ ಕೂಟಶಾಸನಗಳ ಸಾಲಿಗೇ ಸೇರುತ್ತದೆ.

ವಚನಕಾರರ ಮತ್ತು ಹರಿದಾಸರ ಅಂಕಿತವು ಇನ್ನೊಂದು ಬಗೆಯದು. ‘ಕೂಡಲಸಂಗಮದೇವ’ ಎಂದರೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕಮಹಾದೇವಿ, ‘ಪುರಂದರವಿಠಲ’ ಎಂದರೆ ಪುರಂದರದಾಸರು ಎಂದು ಜನರು ಅರಿಯುತ್ತಾರೆ. ಅಂಕಿತವು ಕೃತಿ ಯಾರದೆಂದು ಹೇಳುತ್ತದೆ. ಆದರೆ ಬೇರೊಬ್ಬರು ಸಾಲುಗಳನ್ನು ರಚಿಸಿ ಕೊನೆಗೆ ಅದೇ ಅಂಕಿತವನ್ನು ಸೇರಿಸಿದರೆ ತಡೆಯುವ ಶಕ್ತಿ ಅದಕ್ಕಿಲ್ಲ. ಮೊಬೈಲ್ ಸಂದೇಶದ ಕೊನೆಯಲ್ಲಿ ಬೆರಳಚ್ಚು ಮಾಡಿದ ಹೆಸರಿಗೂ ಇದೇ ಮಿತಿಯಿದೆ. ಯಾರ ಹೆಸರನ್ನು ಯಾರು ಬೇಕಾದರೂ ಬರೆಯಬಹುದು.

ಡಿಜಿಟಲ್ ಸಹಿ ಕೆಲಸ ಮಾಡುವ ಬಗೆ

ಕಾಗದದ ಮೇಲಿನ ಸಹಿಯನ್ನು ಸ್ಕ್ಯಾನ್ ಮಾಡಿ ಕಡತಕ್ಕೆ ಅಂಟಿಸಿದರೆ ಅದು ಸಹಿಯ ಚಿತ್ರವಾಗುತ್ತದೆಯೇ ಹೊರತು ಡಿಜಿಟಲ್ ಸಹಿಯಾಗುವುದಿಲ್ಲ. ಡಿಜಿಟಲ್ ಸಹಿಯು ಗಣಿತದ ಕ್ರಿಯೆ. ಕಡತದ ಎಲ್ಲ ಅಕ್ಷರಗಳನ್ನೂ ಒಂದು ನಿಗದಿತ ಕ್ರಮಕ್ಕೆ ಒಳಪಡಿಸಿದಾಗ ನಿಗದಿತ ಉದ್ದದ ಒಂದು ಸಂಖ್ಯೆ ದೊರೆಯುತ್ತದೆ. ಇದನ್ನು ಹ್ಯಾಶ್ ಎನ್ನುತ್ತಾರೆ. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಒಂದು ಸಾಲಿನ ಸೂಚನೆಗಾಗಲಿ, ನೂರು ಪುಟದ ಆಯವ್ಯಯಕ್ಕಾಗಲಿ, 64 ಚಿಹ್ನೆಗಳಲ್ಲಿ ಬರೆಯಬಹುದಾದ 256 ಬಿಟ್‌ಗಳ ಸಂಖ್ಯೆಯೇ ಬರುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಂಖ್ಯೆ ಗುರುತು ಸಿಗದಷ್ಟು ಬದಲಾಗುತ್ತದೆ.

ಸಹಿದಾರರ ಬಳಿ ಎರಡು ಕೀಲಿಗಳಿರುತ್ತವೆ. ಖಾಸಗಿ ಕೀಲಿಯು ಅವರ ಡಾಂಗಲ್‌ನಲ್ಲಿ ಪಾಸ್‌ವರ್ಡಿನ ಹಿಂದೆ ಅಡಗಿರುತ್ತದೆ. ಸಾರ್ವಜನಿಕ ಕೀಲಿಯು ಎಲ್ಲರಿಗೂ ಲಭ್ಯ. ಖಾಸಗಿ ಕೀಲಿಯಿಂದ ಹ್ಯಾಶ್‌ಗೆ ಸಹಿ ಬೀಳುತ್ತದೆ. ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಸಹಿಯ ನಂತರ ಕಡತ ಬದಲಾಗಿದ್ದರೆ ತಾಳೆ ತಪ್ಪುತ್ತದೆ. ಈ ಜೋಡಿ ಕೀಲಿಯ ಕಲ್ಪನೆಯನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಪ್ರಕಟಿಸಿದರು. ಮರುವರ್ಷ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ಅದನ್ನು ಬಳಕೆಗೆ ತರುವ ಕ್ರಮವನ್ನು ರೂಪಿಸಿದರು.

ಭಾರತದಲ್ಲಿ ಇದಕ್ಕೆ ಮಾನ್ಯತೆ ನೀಡಿದ್ದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000. ಅದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಕಾನೂನು ಎಲ್ಲಿ ಸಹಿಯನ್ನು ಕೇಳುತ್ತದೆಯೋ ಅಲ್ಲಿ ನಿಯಮಾನುಸಾರವಾದ ವಿದ್ಯುನ್ಮಾನ ಸಹಿ ಸಾಕೆಂದು ಅದರ 5ನೆಯ ಪ್ರಕರಣ ಹೇಳುತ್ತದೆ. ಪ್ರಮಾಣಪತ್ರ ನೀಡುವ ಪ್ರಾಧಿಕಾರಗಳಿಗೆ ಪರವಾನಗಿ ಕೊಡುವವರು ಕೇಂದ್ರ ಸರ್ಕಾರದ ನಿಯಂತ್ರಕರು. ಆದರೆ ಈ ಮಾನ್ಯತೆಗೂ ಮಿತಿಯಿದೆ. ಉಯಿಲಿಗೆ ಈ ಅಧಿನಿಯಮ ಅನ್ವಯಿಸುವುದಿಲ್ಲ. ಮೊಬೈಲ್ ಸಂದೇಶದಲ್ಲಿ ಬರೆದ ಉಯಿಲಿನ ಆಧಾರದಿಂದ ಖಾತೆ ಬದಲಾವಣೆ ಕೋರಿ ಬರುವವರಿಗೆ ಸದಸ್ಯರು ಇದನ್ನು ತಿಳಿಸಿ ಹೇಳಬಹುದು.

ಇ-ಸ್ವತ್ತಿನ ನಮೂನೆ 9 ಮತ್ತು 11ಕ್ಕೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ ಬೀಳುವುದನ್ನು ಸದಸ್ಯರೆಲ್ಲರೂ ಕಂಡಿದ್ದಾರೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಡಿಜಿಟಲ್ ಸಹಿ ಇರುವುದು ಕಡತದಲ್ಲಿ; ಕಾಗದದಲ್ಲಿ ಅಲ್ಲ. ಮುದ್ರಿತ ಪ್ರತಿಯಲ್ಲಿ ಕಾಣುವುದು ಸಹಿಯ ವಿವರ ಮಾತ್ರ. ಸಹಿಯಿರುವ ಪಿಡಿಎಫ್ ಕಡತದ ಫೋಟೋ ತೆಗೆದು ಅಥವಾ ಸ್ಕ್ರೀನ್‌ಶಾಟ್ ಮಾಡಿ ಕಳುಹಿಸಿದರೆ ಸಹಿ ಹಿಂದೆಯೇ ಉಳಿದು ಚಿತ್ರ ಮಾತ್ರ ಮುಂದೆ ಹೋಗುತ್ತದೆ. ಆದುದರಿಂದ ಪಂಚಾಯತಿಯ ಪ್ರಕಟಣೆಯನ್ನು ಮೂಲ ಕಡತದ ರೂಪದಲ್ಲಿಯೇ ಹಂಚುವುದು ಯುಕ್ತ.

ಡಾಂಗಲ್ ಯಾರ ಕೈಯಲ್ಲಿ

ಖಾಸಗಿ ಕೀಲಿಯ ಮೇಲಿನ ಹಿಡಿತವನ್ನು ಕಾಪಾಡಿಕೊಳ್ಳಲು ಸಹಿದಾರರು ಯುಕ್ತ ಎಚ್ಚರ ವಹಿಸಬೇಕೆಂದೂ, ಅದು ಅನ್ಯರ ವಶವಾದರೆ ತಡಮಾಡದೆ ಪ್ರಮಾಣೀಕರಣ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಅದೇ ಅಧಿನಿಯಮದ 42ನೆಯ ಪ್ರಕರಣ ವಿಧಿಸುತ್ತದೆ. ಹಾಗೆ ತಿಳಿಸುವವರೆಗೆ ಹೊಣೆ ಸಹಿದಾರರದೇ ಎಂಬ ವಿವರಣೆಯೂ ಅಲ್ಲಿಯೇ ಇದೆ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ಸಹಿದಾರರೇ ಒಪ್ಪಿ ಹಾಕಿದರೆಂದು, ವಿರುದ್ಧವಾದುದು ಸಾಬೀತಾಗುವವರೆಗೆ, ನ್ಯಾಯಾಲಯವು ಭಾವಿಸುತ್ತದೆ. ಇನ್ನೊಬ್ಬರ ವಿದ್ಯುನ್ಮಾನ ಸಹಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ 66ಸಿ ಪ್ರಕರಣದಡಿ 3 ವರ್ಷಗಳವರೆಗೆ ಕಾರಾವಾಸವನ್ನೂ 1 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು.

ಈ ನಿಯಮಗಳ ಭಾರ ಹೆಚ್ಚಾಗಿ ಬೀಳುವುದು ಪಾವತಿಗೆ ಅನುಮೋದನೆ ನೀಡುವ ಅಧ್ಯಕ್ಷರ ಮೇಲೆ. ಅಧ್ಯಕ್ಷೆಯ ಡಾಂಗಲ್ ಪತಿಯ ಜೇಬಿನಲ್ಲಿ ಅಥವಾ ಮಗನ ಬಳಿ ಇದ್ದು, ಪಾಸ್‌ವರ್ಡ್ ಕಚೇರಿಯ ಗಣಕಯಂತ್ರದ ಮೇಲೆ ಚೀಟಿಯಲ್ಲಿ ಅಂಟಿಸಿರುವ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆಗದ ಕಾಮಗಾರಿಗೆ ಹಣ ಪಾವತಿಯಾದ ದಿನ ಆಕೆ ತವರಿನಲ್ಲಿದ್ದರೂ ದಾಖಲೆಯಲ್ಲಿ ಉಳಿಯುವುದು ಆಕೆಯ ಸಹಿಯೇ. ವಿಚಾರಣೆಯ ನೋಟೀಸು ಬರುವುದೂ ಆಕೆಯ ಹೆಸರಿಗೇ. ತಾನು ಸಹಿ ಹಾಕಲಿಲ್ಲವೆಂದು ಸಾಬೀತುಪಡಿಸುವ ಹೊರೆ ಆಕೆಯ ಹೆಗಲಿಗೇ ಬೀಳುತ್ತದೆ. ಡಾಂಗಲನ್ನು ಕೊಡುವುದೆಂದರೆ ಬರೆಯದ ಚೆಕ್ಕುಗಳಿಗೆಲ್ಲ ಮುಂಚಿತವಾಗಿ ಸಹಿ ಹಾಕಿ ಕೊಟ್ಟಂತೆ. ಅದನ್ನು ತನ್ನ ಬಳಿಯೇ ಇಟ್ಟುಕೊಳ್ಳುತ್ತೇನೆಂದು ಅಧ್ಯಕ್ಷೆಯೊಬ್ಬರು ಹೇಳಿದರೆ, ಅದು ಮನೆಯವರ ಮೇಲಿನ ಅಪನಂಬಿಕೆಯಲ್ಲ. ಕಾನೂನು ಅವರಿಗೆ ವಹಿಸಿದ ಕರ್ತವ್ಯ. ಸಹ ಸದಸ್ಯರು ಅವರ ಬೆಂಬಲಕ್ಕೆ ನಿಲ್ಲತಕ್ಕದ್ದು.

ಸಹಿ ಹೇಳದ ಮಾತು

ಇನ್ನು ಮೂರನೆಯ ಪ್ರಶ್ನೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ಹೊಗಳಿಕೆ ಇರುವುದು ಇಮ್ಮಡಿ ಪುಲಕೇಶಿಯದು; ಅದನ್ನು ರಚಿಸಿದ ರವಿಕೀರ್ತಿಯ ಹೆಸರನ್ನೂ ಅದೇ ಶಾಸನ ಹೇಳುತ್ತದೆ. ಅರಸನ ಕೀರ್ತಿಯನ್ನು ಸಾರುವ ಕಲ್ಲಿನಲ್ಲಿಯೂ ಕವಿಯ ಹೆಸರಿಗೆ ಸ್ಥಾನವಿತ್ತು. ಇಂದಿನ ಕಾನೂನಿನಲ್ಲಿ ಆ ಸ್ಥಾನವನ್ನು ಕಾಯುವುದು ಕೃತಿಸ್ವಾಮ್ಯ ಅಧಿನಿಯಮ 1957.

ಈ ಕಾನೂನಿನಂತೆ ಸ್ವಂತ ಶ್ರಮದಿಂದ ರಚಿಸಿದ ಬರಹ, ಚಿತ್ರ, ಹಾಡು, ಛಾಯಾಚಿತ್ರಗಳಿಗೆ ರಚನೆಯಾದ ಕ್ಷಣದಿಂದಲೇ ಕೃತಿಸ್ವಾಮ್ಯ ಲಭಿಸುತ್ತದೆ. ನೋಂದಣಿ ಕಡ್ಡಾಯವಲ್ಲ. ಸಹಿಯೂ ಬೇಕಿಲ್ಲ. ಬರಹಕ್ಕೆ ಈ ರಕ್ಷಣೆ ಲೇಖಕರ ಜೀವಿತಾವಧಿ ಮತ್ತು ನಂತರದ 60 ವರ್ಷಗಳ ಕಾಲ ಇರುತ್ತದೆ. ಸಂದೇಶವು ಮೊಬೈಲಿನಲ್ಲಿ ಹುಟ್ಟಿತೆಂಬ ಕಾರಣಕ್ಕೆ ರಕ್ಷಣೆ ತಪ್ಪುವುದಿಲ್ಲ. ಆದರೆ ‘ನಾಳೆ 11 ಗಂಟೆಗೆ ಸಾಮಾನ್ಯ ಸಭೆ’ ಎಂಬ ಸೂಚನೆಗೆ ಕೃತಿಸ್ವಾಮ್ಯವಿಲ್ಲ. ಕನಿಷ್ಠ ಮಟ್ಟದ ಸೃಜನಶೀಲತೆ ಇರಬೇಕೆಂದು ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತಿಳಿಸಿದೆ. ಸಂಗತಿಗಳಿಗೂ ಒಡೆಯರಿಲ್ಲ. ಕೆರೆಯ ತೂಬು ಮುಚ್ಚಿದೆ ಎಂಬ ಸಂಗತಿ ಎಲ್ಲರದು; ಅದನ್ನು ಹೇಳಿದ ಮಾತುಗಳ ಜೋಡಣೆ ಬರೆದವರದು.

ಸಂದೇಶವನ್ನು ಪಡೆದವರಿಗೆ ಅದರ ಒಡೆತನ ಸಿಗುವುದೇ ಎಂಬ ಪ್ರಶ್ನೆಯೂ ಹಳೆಯದೇ. 1741ರಲ್ಲಿ ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪ್, ತನ್ನ ಪತ್ರಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದ ಪುಸ್ತಕ ವ್ಯಾಪಾರಿ ಎಡ್ಮಂಡ್ ಕರ್ಲ್ ವಿರುದ್ಧ ದಾವೆ ಹೂಡಿದನು. ಪತ್ರದ ಕಾಗದ ಪಡೆದವನದಾಗಬಹುದು, ಆದರೆ ಅದರೊಳಗಿನ ಬರಹವನ್ನು ಪ್ರಕಟಿಸುವ ಹಕ್ಕು ಬರೆದವನಲ್ಲಿಯೇ ಉಳಿಯುತ್ತದೆ ಎಂಬುದು ಆ ತೀರ್ಪಿನ ಸಾರ. ಕಾಗದದ ಜಾಗಕ್ಕೆ ಮೊಬೈಲನ್ನು ಇಟ್ಟರೆ ಮಾತು ಬದಲಾಗುವುದಿಲ್ಲ. ಗುಂಪಿಗೆ ಕಳುಹಿಸಿದವರು ಗುಂಪಿನವರು ಓದಲೆಂದು ಒಪ್ಪಿದ್ದಾರೆ. ‘ಎಲ್ಲರಿಗೂ ತಲುಪಿಸಿ’ ಎಂದು ಬರೆದಿದ್ದರೆ ಹಂಚಲೂ ಒಪ್ಪಿದ್ದಾರೆ. ತಮ್ಮ ಹೆಸರನ್ನು ಅಳಿಸಲಾಗಲಿ, ತಾವು ಹೇಳದ ಸಾಲನ್ನು ಸೇರಿಸಲಾಗಲಿ ಒಪ್ಪಿಲ್ಲ. ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕು ಮತ್ತು ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚಿದಾಗ ತಡೆಯುವ ಹಕ್ಕು 57ನೆಯ ಪ್ರಕರಣದಂತೆ ಲೇಖಕರಿಗಿದೆ. ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಈ ಹಕ್ಕುಗಳು ಉಳಿಯುತ್ತವೆ.

ಒಬ್ಬನು ಇನ್ನೊಬ್ಬರ ಹಾಡನ್ನು ಕದ್ದು, ಅದಕ್ಕೆ ತನ್ನ ಡಿಜಿಟಲ್ ಸಹಿಯನ್ನು ಹಾಕಿದನೆಂದು ಇಟ್ಟುಕೊಳ್ಳೋಣ. ಸಹಿ ಸಿಂಧುವಾಗಿಯೇ ಇರುತ್ತದೆ. ಹಾಡು ಮಾತ್ರ ಅವನದಾಗುವುದಿಲ್ಲ. ಕದ್ದದ್ದನ್ನು ತನ್ನದೆಂದು ಹೇಳಿಕೊಂಡವನು ಯಾರೆಂಬುದಕ್ಕೆ ಆ ಸಹಿಯೇ ಪುರಾವೆಯಾಗುತ್ತದೆ.

ಪಂಚಾಯತಿಯಲ್ಲಿ ಯಾರದು ಯಾವುದು

ಸದಸ್ಯರು ಸ್ವಂತವಾಗಿ ಬರೆದುದು ಸದಸ್ಯರದು; ಅವರು ಪಂಚಾಯತಿಯ ನೌಕರರಲ್ಲ. ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಒಡೆಯರು ಭಾಷಣ ಮಾಡಿದವರೇ ಎಂದು 17ನೆಯ ಪ್ರಕರಣ ಹೇಳುತ್ತದೆ. ಪ್ರಚಲಿತ ವಿದ್ಯಮಾನವಾಗಿ ಪತ್ರಿಕೆಗಳು ಅದನ್ನು ವರದಿ ಮಾಡಲು ಅಡ್ಡಿಯಿಲ್ಲ.

ನೌಕರರು ತಮ್ಮ ಉದ್ಯೋಗದ ಭಾಗವಾಗಿ ಸಿದ್ಧಪಡಿಸಿದ ವರದಿ, ಪ್ರಕಟಣೆಗಳು ಅವರ ಸ್ವತ್ತಾಗುವುದಿಲ್ಲ. ಸಾರ್ವಜನಿಕ ಸಂಸ್ಥೆಯ ನಿರ್ದೇಶನದಲ್ಲಿ ರಚಿತವಾದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ಸಂಸ್ಥೆಯೇ ಮೊದಲ ಒಡೆಯ. ರಾಜ್ಯದ ಅಧಿನಿಯಮದಡಿ ಸ್ಥಾಪಿತವಾದ ನಿಗಮಿತ ಸಂಸ್ಥೆಯೂ ಈ ಮಾತಿನ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರಂತೆ ಗ್ರಾಮ ಪಂಚಾಯತಿ ನಿಗಮಿತ ಸಂಸ್ಥೆಯಾಗಿದೆ. ಪಂಚಾಯತಿಯೇ ಹೇಳಿ ಬರೆಸಿದ ಸ್ವಚ್ಛತಾ ಭಿತ್ತಿಪತ್ರಕ್ಕೆ ಈ ನಿಯಮ ಅನ್ವಯಿಸುತ್ತದೆ.

ಊರಿನ ಕವಿಯು ಮೊದಲೇ ಬರೆದಿದ್ದ ಹಾಡು, ಕಾಲೇಜು ವಿದ್ಯಾರ್ಥಿನಿಯು ತನ್ನ ಆಸಕ್ತಿಯಿಂದ ತೆಗೆದ ಜಾತ್ರೆಯ ಛಾಯಾಚಿತ್ರ ಇವುಗಳ ಸಂಗತಿ ಬೇರೆ. ಅಂತರಜಾಲದಲ್ಲಿ ಅಥವಾ ಮೊಬೈಲಿನಲ್ಲಿ ಸಿಕ್ಕಿತೆಂದು ಪಂಚಾಯತಿಯ ದಿನದರ್ಶಿಕೆಗೆ ಬಳಸಲಾಗದು, ಅನುಮತಿ ಪಡೆಯಬೇಕು. ಕರ್ತೃ ತಿಳಿಯದ ಹಳೆಯ ಸೋಬಾನೆ ಪದಕ್ಕೆ ಕೃತಿಸ್ವಾಮ್ಯ ಇಲ್ಲದಿರಬಹುದು. ಆದರೂ ಅದನ್ನು ಹಾಡಿದ ತಾಯಂದಿರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಪ್ರತ್ಯೇಕ ಹಕ್ಕಿದೆ. ಧ್ವನಿಮುದ್ರಣಕ್ಕೆ ಮೊದಲು ಅವರ ಒಪ್ಪಿಗೆ ಕೇಳುವುದು ಸೌಜನ್ಯವೂ ಹೌದು, ಕಾನೂನೂ ಹೌದು.

ಪಂಚಾಯತಿಗೆ ಒಡೆತನ ಇದೆಯೆಂಬುದು ಮಾಹಿತಿಯನ್ನು ಮುಚ್ಚಿಡಲು ನೆಪವಾಗಬಾರದು. ಮಾಹಿತಿ ಹಕ್ಕು ಅಧಿನಿಯಮ 2005ರ 9ನೆಯ ಪ್ರಕರಣದಂತೆ, ಸರ್ಕಾರವಲ್ಲದ ಇತರ ವ್ಯಕ್ತಿಯ ಕೃತಿಸ್ವಾಮ್ಯಕ್ಕೆ ಭಂಗ ಬರುವಾಗ ಮಾತ್ರ ಆ ಕಾರಣದಿಂದ ಕೋರಿಕೆಯನ್ನು ತಿರಸ್ಕರಿಸಬಹುದು. ನಡವಳಿ, ಅಂದಾಜುಪಟ್ಟಿ, ಬಿಲ್ಲುಗಳ ಪ್ರತಿ ಕೇಳಿದ ಗ್ರಾಮಸ್ಥರಿಗೆ ‘ಇದು ಪಂಚಾಯತಿಯ ಕಾಪಿರೈಟ್’ ಎಂಬ ಉತ್ತರ ಸಲ್ಲದು.

ಎರಡೂ ಕೂಡುವ ಜಾಗ

ಸಹಿ ಮತ್ತು ಕೃತಿಸ್ವಾಮ್ಯ ಒಂದು ಜಾಗದಲ್ಲಿ ಕೂಡುತ್ತವೆ. ಕೃತಿಸ್ವಾಮ್ಯವನ್ನು ಬಿಟ್ಟುಕೊಡಬೇಕಾದರೆ ಅದು ಬರವಣಿಗೆಯಲ್ಲಿದ್ದು ಒಡೆಯರ ಸಹಿಯನ್ನು ಹೊಂದಿರಬೇಕೆಂದು 19ನೆಯ ಪ್ರಕರಣ ವಿಧಿಸುತ್ತದೆ. ಬಾಯಿಮಾತಿನಲ್ಲಿ ‘ತೆಗೆದುಕೊಳ್ಳಿ’ ಎಂದರೆ ಸಾಲದು. ಮಾಹಿತಿ ತಂತ್ರಜ್ಞಾನ ಅಧಿನಿಯಮದ ಬಲದಿಂದ ಆ ಸಹಿ ಡಿಜಿಟಲ್ ಸಹಿಯಾಗಿರಬಹುದು. ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ 5 ವರ್ಷಗಳೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾನೂನು ಭಾವಿಸುತ್ತದೆ. ಪೂರ್ಣ ಒಡೆತನ ಬೇಕಿಲ್ಲದಿದ್ದರೆ ಬಳಕೆಗೆ ಲಿಖಿತ ಅನುಮತಿಯೇ ಸಾಕು. ಯಾವ ಕೃತಿ, ಯಾವ ಬಳಕೆಗೆ, ಎಷ್ಟು ಕಾಲ, ಎಷ್ಟು ಸಂಭಾವನೆ, ಹೆಸರನ್ನು ಎಲ್ಲಿ ಮುದ್ರಿಸಬೇಕು ಎಂಬ ಐದು ಅಂಶಗಳಿರುವ ಒಂದು ಪುಟದ ಪತ್ರದಿಂದ ಮುಂದಿನ ವ್ಯಾಜ್ಯ ತಪ್ಪುತ್ತದೆ.

ವ್ಯಾಜ್ಯ ಬಂದೇ ಬಂದರೆ ಸಾಕ್ಷ್ಯದ ಪ್ರಶ್ನೆ ಎದುರಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯಲ್ಲಿ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಆದುದರಿಂದ ಮೂಲ ಸಂದೇಶವನ್ನು ಅಳಿಸದೆ, ಮೊದಲು ಕಳುಹಿಸಿದ ಮೊಬೈಲನ್ನು ಜೋಪಾನವಾಗಿಡುವುದು ಅಗತ್ಯ.

ಮತ್ತೆ ಕೆರೆಯ ಬಳಿಗೆ

ಆರಂಭದಲ್ಲಿ ಕಲ್ಪಿಸಿದ ಪಂಚಾಯತಿಯು ಈಗ ಏನು ಮಾಡಬಹುದು? ಮೊದಲನೆಯದಾಗಿ, ನೀರಿನ ಕರದ ಬಗ್ಗೆ ನಿಜವಾದ ಸ್ಥಿತಿಯನ್ನು ತಿಳಿಸುವ ಪ್ರಕಟಣೆಯನ್ನು ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯೊಡನೆ ಮೂಲ ಕಡತವಾಗಿ ಹಂಚಿ, ಅದರ ಪ್ರತಿಯನ್ನು ಸೂಚನಾ ಫಲಕಕ್ಕೆ ಹಾಕಬೇಕು. ‘ಡಿಜಿಟಲ್ ಸಹಿಯಿಲ್ಲದ ಯಾವ ಕರ ಪ್ರಕಟಣೆಯೂ ಪಂಚಾಯತಿಯದಲ್ಲ’ ಎಂದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಎರಡನೆಯದಾಗಿ, ಸದಸ್ಯೆಯ ಮೂಲ ಬರಹವನ್ನು, ಅವರ ಒಪ್ಪಿಗೆ ಪಡೆದು, ಅವರ ಹೆಸರಿನೊಡನೆ ಪುನಃ ಪ್ರಕಟಿಸಬೇಕು. ಮೂರನೆಯದಾಗಿ, ಮೊಹರಿನ ಚಿತ್ರವನ್ನು ದುರ್ಬಳಕೆ ಮಾಡಿದ ಬಗ್ಗೆ ಪೊಲೀಸರಿಗೆ ಲಿಖಿತ ದೂರು ನೀಡಬೇಕು.

ಪ್ರತಿ ಪಂಚಾಯತಿಯೂ ಮುಂದಿನ ಸಾಮಾನ್ಯ ಸಭೆಯಲ್ಲಿ ಕೈಗೊಳ್ಳಬಹುದಾದ ಕೆಲವು ಕ್ರಮಗಳಿವೆ. ಡಾಂಗಲ್‌ಗಳು ಯಾರ ಹೆಸರಿನಲ್ಲಿವೆ, ಯಾರ ವಶದಲ್ಲಿವೆ, ಯಾವಾಗ ಅವಧಿ ಮುಗಿಯುತ್ತದೆ ಎಂಬುದನ್ನು ವಹಿಯಲ್ಲಿ ಬರೆದಿಡುವುದು. ಅಧ್ಯಕ್ಷರಾಗಲಿ ಅಧಿಕಾರಿಯಾಗಲಿ ಬದಲಾದ ದಿನವೇ ಹಿಂದಿನವರ ಸಹಿಯ ಬಳಕೆಯನ್ನು ನಿಲ್ಲಿಸುವುದು. ಪಾಸ್‌ವರ್ಡನ್ನು ಸಹಿದಾರರ ಹೊರತು ಯಾರಿಗೂ ತಿಳಿಸದಿರುವುದು. ಪಂಚಾಯತಿಯು ಬಳಸುವ ಪ್ರತಿ ಹಾಡು, ಚಿತ್ರ, ಬರಹದ ಅನುಮತಿಪತ್ರವನ್ನು ಒಂದೇ ಕಡತದಲ್ಲಿ ಇಡುವುದು. ಇವುಗಳಿಗೆ ಹೆಚ್ಚಿನ ಅನುದಾನ ಬೇಕಿಲ್ಲ.

ಊರಿನವರು ಪಂಚಾಯತಿಯ ಮಾತನ್ನು ನಂಬುವುದು ಅದರ ಹಿಂದೆ ಯಾರೋ ಒಬ್ಬರು ಹೊಣೆಗಾರರಾಗಿ ನಿಂತಿದ್ದಾರೆಂಬ ಭರವಸೆಯಿಂದ. ಊರಿನ ಬರಹಗಾರರು, ಹಾಡುಗಾರರು ತಮ್ಮ ಕೃತಿಯನ್ನು ಪಂಚಾಯತಿಗೆ ಕೊಡುವುದು ತಮ್ಮ ಹೆಸರನ್ನು ಅದು ಅಳಿಸುವುದಿಲ್ಲವೆಂಬ ಭರವಸೆಯಿಂದ. ಸಹಿ ಹಾಕುವ ಮುನ್ನ ಓದಿ, ಹಂಚುವ ಮುನ್ನ ಬರೆದವರನ್ನು ನೆನೆದರೆ ಈ ಎರಡು ಭರವಸೆಗಳೂ ಉಳಿಯುತ್ತವೆ.